ಕದ್ದವನ ದಂಡ, ಕಳಕೊಂಡವನ ತೀರ್ವೆ

ಶಿಕ್ಷೆಯ ಅವಧಿ ಮುಗಿದಿದೆ, ದಂಡ ಕಟ್ಟಲು ಕಾಸಿಲ್ಲ, ಹಾಗಾಗಿ ಇನ್ನೂ ಮೂರು ತಿಂಗಳು ಒಳಗೇ ಇರಬೇಕು. ಇಂಥವರು ನಮ್ಮ ಜೈಲುಗಳಲ್ಲಿ ಹಿಂದಿನಿಂದಲೂ ಇದ್ದಾರೆ. ಕೋರ್ಟು ಜಾಮೀನು ಕೊಟ್ಟಿದ್ದರೂ ಜಾಮೀನುದಾರ ಸಿಗದೆ, ಹಣ ಹೊಂದಿಸಲಾಗದೆ ಕೂತವರು ಅವರಿಗಿಂತ ಹೆಚ್ಚು. 2023ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವರಿಗಾಗಿ ಬಡ ಕೈದಿಗಳ ನೆರವಿನ ಯೋಜನೆಯನ್ನು ತಂದಿತು. ಆ ವರ್ಷದ ಮಾರ್ಗಸೂಚಿಯ ಪ್ರಕಾರ ವಿಚಾರಣಾಧೀನ ಕೈದಿಗೆ 40,000 ರೂಪಾಯಿಯ ತನಕ, ದಂಡ ಕಟ್ಟಲಾರದ ಶಿಕ್ಷಿತನಿಗೆ 25,000 ರೂಪಾಯಿಯ ತನಕ ಸರಕಾರವೇ ಕಟ್ಟುವುದೆಂದು ಆಗಿತ್ತು. ವರ್ಷಕ್ಕೆ 20 ಕೋಟಿ ಮೀಸಲು. ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಜಿಲ್ಲೆಗೊಂದು ಸಮಿತಿ. ಅದರಲ್ಲಿ ಕಲೆಕ್ಟರು, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಪೊಲೀಸ್ ವರಿಷ್ಠರು, ಜೈಲಿನ ಸೂಪರಿಂಟೆಂಡೆಂಟ್, ಜೈಲಿನ ಉಸ್ತುವಾರಿಯ ಜಡ್ಜಿ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಈಗ ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ವಾಲಂಟಿಯರ್. ಹೆಸರು ಉದ್ದ, ಕೆಲಸ ಸಣ್ಣದು. ಮಲಯಾಳದಲ್ಲಿ ಬಂದ ನೋಟೀಸನ್ನು ಕನ್ನಡದ ಮುದುಕರಿಗೆ, ತುಳು ಮಾತ್ರ ಬಲ್ಲ ಅಮ್ಮಂದಿರಿಗೆ ಓದಿ ಹೇಳುವುದು, ಅರ್ಜಿ ತುಂಬಿಸಿ ವಿದ್ಯಾನಗರದ ಕೋರ್ಟು ಕಟ್ಟಡಕ್ಕೆ ಮುಟ್ಟಿಸುವುದು. ಅಡಕೆ ಕಳವಿನ ಒಂದು ಕೇಸಿನಲ್ಲಿ ಒಬ್ಬನಿಗೆ ಜೈಲೂ ಆಯಿತು, ಹತ್ತು ಸಾವಿರ ದಂಡವೂ ಆಯಿತು. ಜೈಲು ಮುಗಿಯಿತು, ದಂಡ ಉಳಿಯಿತು. ಅವನ ಅಕ್ಕ ಬೀಡಿ ಕಟ್ಟುವವಳು. ಅವಳ ಕೈಯಲ್ಲಿ ಏನಿದೆ? ಅರ್ಜಿ ಬರೆದುಕೊಟ್ಟೆ. ಸುದ್ದಿ ಊರಲ್ಲಿ ಹರಡಲು ಎಷ್ಟು ಹೊತ್ತು! ಅಡಕೆ ಕಳಕೊಂಡ ಹಿರಿಯರು ಮಿಲ್ಮಾ ಡಿಪೋದ ಹತ್ತಿರ ಸಿಕ್ಕಿ, ಹಾಲಿನ ಕ್ಯಾನು ಕೆಳಗಿಟ್ಟು ಕೇಳಿದರು: "ಅಲ್ಲ ಟೀಚರೇ, ಹೋದದ್ದು ನನ್ನ ಅಡಕೆ. ಕದ್ದವನ ದಂಡವನ್ನೂ ನಾನೇ ಕಟ್ಟುವುದೋ? ವಿಲೇಜಾಫೀಸಿಗೆ ವರ್ಷ ವರ್ಷ ತೀರ್ವೆ ಕಟ್ಟುವವ ನಾನಲ್ಲವೋ?"

ಲೆಕ್ಕದ ಉತ್ತರ ಸುಲಭ. ತೀರ್ವೆ ತಿರುವನಂತಪುರಕ್ಕೆ ಹೋಗುತ್ತದೆ, ಈ ಹಣ ಬರುವುದು ದಿಲ್ಲಿಯಿಂದ. ಆದರೆ ಮದ್ದು ಬಿಡಲು ಅವರು ಕೊಂಡ ಮೈಲುತುತ್ತಿಗೂ ಜಿಎಸ್‌ಟಿ ಇದೆ, ಅದರಲ್ಲಿ ದಿಲ್ಲಿಗೂ ಪಾಲಿದೆ. ಅಲ್ಲದೆ ಅವರು ಕೇಳಿದ್ದು ಯಾವ ಖಾತೆಯಿಂದ ಎಂದಲ್ಲ. ಪಾಪ ಒಬ್ಬನದು, ತೆರುವವ ಇನ್ನೊಬ್ಬ, ಅದೂ ಪೆಟ್ಟು ತಿಂದವನೇ. ಇದು ಯಾವ ಧರ್ಮ ಎಂದು. ಮಾಡಿದವನೇ ಉಣ್ಣಬೇಕು ಎಂಬುದು ನಾವೆಲ್ಲ ಹಾಲಿನ ಜೊತೆ ಕುಡಿದ ನಂಬಿಕೆ. ದಂಡ ಎನ್ನುವುದು ಪ್ರಾಯಶ್ಚಿತ್ತದ ಲೌಕಿಕ ರೂಪವಾಗಿದ್ದರೆ ಬೇರೆಯವರು ಕಟ್ಟಿದ ದಂಡ ದಂಡವೇ ಅಲ್ಲ. ಉಪವಾಸವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಲು ಬರುತ್ತದೆಯೇ?

ಇಲ್ಲಿ ಯಾರಿಗಾದರೂ ವಾಲ್ಮೀಕಿಯ ಕಥೆ ನೆನಪಾಗುತ್ತದೆ. ದಾರಿಹೋಕರನ್ನು ಸುಲಿಯುತ್ತಿದ್ದ ಬೇಡನಿಗೆ ಋಷಿಗಳು, ಈ ಪಾಪದಲ್ಲಿ ನಿನ್ನ ಹೆಂಡತಿ ಮಕ್ಕಳು ಪಾಲು ತೆಗೆದುಕೊಳ್ಳುತ್ತಾರೋ ಕೇಳಿ ಬಾ ಎನ್ನುತ್ತಾರೆ. ಮನೆಯವರು ಇಲ್ಲವೆನ್ನುತ್ತಾರೆ, ಅವನ ಕಣ್ಣು ತೆರೆಯುತ್ತದೆ. ಶಾಲೆಯಲ್ಲಿ ಈ ಕಥೆ ಹೇಳುವಾಗ ಮಕ್ಕಳೆಲ್ಲ ಬೇಡನ ಮುಖ ನೋಡುತ್ತಾರೆ. ನನಗೆ ಮಾತ್ರ ಯಾವಾಗಲೂ ಆ ಮನೆಯವರ ಮೇಲೆ ಸಿಟ್ಟು. ತಂದದ್ದನ್ನು ತಿಂದಿದ್ದಾರೆ, ಎಲ್ಲಿಂದ ತಂದೆ ಎಂದು ಒಂದು ದಿನವೂ ಕೇಳಿಲ್ಲ, ಲೆಕ್ಕ ಬಂದಾಗ ಕೈ ತೊಳೆದುಕೊಂಡರು. ಕಥೆ ಅವರನ್ನು ಅಲ್ಲಿಗೇ ಬಿಟ್ಟು ಹುತ್ತದ ಕಡೆ ನಡೆಯುತ್ತದೆ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಯೊಬ್ಬ ಆ ಹೆಂಡತಿಯ ಪಾತ್ರ ಹಿಡಿದು ಎದುರು ಕೂತರೆ ಬೇಡ ಏನು ಹೇಳಿಯಾನು ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು.

ಏಕೆಂದರೆ ಶಾಸ್ತ್ರಗಳು ಎಲ್ಲ ಕಡೆ ಒಂದೇ ಮಾತು ಹೇಳುವುದಿಲ್ಲ. ಬೇಡನ ಹೆಂಡತಿಯ ಹಾಗೆ ನುಣುಚಿಕೊಳ್ಳುವ ಅವಕಾಶವನ್ನು ಅವು ರಾಜನಿಗೆ ಕೊಡಲಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ಮೊದಲ ಅಧ್ಯಾಯದಲ್ಲಿ ರಾಜಧರ್ಮದ ಮಾತು ಬರುವಲ್ಲಿ ಒಂದು ಶ್ಲೋಕವಿದೆ. ರಕ್ಷಣೆ ಸಿಗದ ಪ್ರಜೆಗಳು ಏನೇನು ಪಾಪ ಮಾಡುತ್ತಾರೋ ಅದರಲ್ಲಿ ಅರ್ಧ ರಾಜನ ತಲೆಗೆ ಬರುತ್ತದೆ ಎಂದು ಅದರ ತಾತ್ಪರ್ಯ. ಕಾರಣವನ್ನೂ ಅಲ್ಲೇ ಹೇಳಿದೆ: ಅವನು ಅವರಿಂದ ಕರ ತೆಗೆದುಕೊಳ್ಳುತ್ತಾನೆ. ತಿಂದವನಿಗೆ ಪಾಲು ಉಂಟು. ಕದ್ದ ಮಾಲಿನ ವಿಷಯದಲ್ಲಿ ಇನ್ನೂ ಸ್ಪಷ್ಟ. ಕಳ್ಳ ಒಯ್ದದ್ದನ್ನು ರಾಜ ಹುಡುಕಿಸಿ ಒಡೆಯನಿಗೆ ಕೊಡಬೇಕು. ಸಿಗದಿದ್ದರೆ ತನ್ನ ಬೊಕ್ಕಸದಿಂದ ತುಂಬಬೇಕು ಎಂದು ಗೌತಮ ಧರ್ಮಸೂತ್ರ ಹೇಳುತ್ತದೆ, ಕೌಟಿಲ್ಯನೂ ಹೇಳುತ್ತಾನೆ. ಯಾಜ್ಞವಲ್ಕ್ಯಕ್ಕೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ನಮ್ಮದೇ ಕನ್ನಡ ನೆಲದಲ್ಲಿ. ಬ್ರಿಟಿಷರ ಕೋರ್ಟುಗಳು ಆಸ್ತಿ ಪಾಲಿಗಾಗಿ ಆ ಪುಸ್ತಕವನ್ನು ತಲೆಮೇಲೆ ಹೊತ್ತವು. ಕಳವಿಗೆ ಬೊಕ್ಕಸ ಹೊಣೆ ಎಂಬ ಮಾತು ಮಾತ್ರ ಯಾರಿಗೂ ಬೇಕಾಗಲಿಲ್ಲ.

ಈ ಗ್ರಂಥಗಳನ್ನು ಹೊಗಳಲು ಹೊರಟಿದ್ದೇನೆ ಎಂದು ಯಾರೂ ತಿಳಿಯಬೇಡಿ. ಅದೇ ಸ್ಮೃತಿಗಳು ಅಪರಾಧ ಒಂದೇ ಆದರೂ ಜಾತಿ ನೋಡಿ ದಂಡ ತೂಗಿದವು. ಆ ಬೀಡಿ ಕಟ್ಟುವ ಅಕ್ಕನಿಗೆ ಅವುಗಳ ಕಾಲದಲ್ಲಿ ಅರ್ಜಿ ಬರೆಸುವ ಹಕ್ಕೂ ಇರುತ್ತಿರಲಿಲ್ಲ. ನನಗೆ ಬೇಕಾದದ್ದು ಒಂದೇ ಒಂದು ಎಳೆ. ಕರ ತೆಗೆದುಕೊಂಡವನು ಪಾಪದ ಹೊರಗೆ ನಿಲ್ಲಲಾರ ಎಂಬುದು. ಮನುಸ್ಮೃತಿಯಲ್ಲೂ ವಿಚಿತ್ರವಾದ ಒಂದು ವಿಧಿಯಿದೆ. ಮಹಾಪಾತಕಿಯಿಂದ ವಸೂಲಾದ ದಂಡವನ್ನು ರಾಜ ತನ್ನದಾಗಿಸಿಕೊಳ್ಳಬಾರದು, ನೀರಿಗೆ ಹಾಕಿ ವರುಣನಿಗೆ ಒಪ್ಪಿಸಬೇಕು, ಇಲ್ಲವೇ ವೇದ ಬಲ್ಲ ಬ್ರಾಹ್ಮಣನಿಗೆ ಕೊಡಬೇಕು. ಬ್ರಾಹ್ಮಣನಿಗೆ ಎಂಬ ಭಾಗ ಯಾಕೆ ಬಂತು ಎಂದು ಹೇಳಬೇಕಾಗಿಲ್ಲ! ಆದರೆ ಮೊದಲನೆಯದರಲ್ಲಿ ಒಂದು ಹೇಸಿಗೆ ಇದೆ ನೋಡಿ, ಅಪರಾಧದಿಂದ ರಾಜನಿಗೆ ಆದಾಯ ಬರಬಾರದು ಎಂಬ ಹೇಸಿಗೆ. ನಮ್ಮ ಸರಕಾರಕ್ಕೆ ಅದಿಲ್ಲ. ಕೋರ್ಟು ವಿಧಿಸುವ ದಂಡ ಸೀದಾ ಖಜಾನೆಗೆ. ಅದರಲ್ಲಿಂದ ನೊಂದವನಿಗೆ ಕೊಡಿ ಎಂದು ನ್ಯಾಯಾಧೀಶರು ಬರೆದರೆ ಕೊಡಬಹುದು, ಹಳೆಯ ಕ್ರಿಮಿನಲ್ ಪ್ರೊಸೀಜರಿನಲ್ಲೂ ಇದ್ದ ದಾರಿ ಅದು. ನಮ್ಮ ಅಡಕೆಯ ಕೇಸಿನಲ್ಲಿ ಅಂಥ ಮಾತು ಬರೆದಿರಲಿಲ್ಲ. ಅಂದರೆ ಆ ಹತ್ತು ಸಾವಿರವನ್ನು ಕದ್ದವನೇ ಬೆವರು ಸುರಿಸಿ ಕಟ್ಟಿದ್ದರೂ ಹಿರಿಯರಿಗೆ ಅಡಕೆಯ ಒಂದು ಹೋಳೂ ಬರುತ್ತಿರಲಿಲ್ಲ. ಸರಕಾರದ ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋಗುವ ಹಣದ ಬಗ್ಗೆ ನಾವು ಡಿಪೋದ ಎದುರು ನಿಂತು ಧರ್ಮ ಜಿಜ್ಞಾಸೆ ಮಾಡುತ್ತಿದ್ದೆವು.

ಹಾಗೆಂದು ಹಿರಿಯರ ಪ್ರಶ್ನೆ ಪೊಳ್ಳಲ್ಲ. ಅದನ್ನು ನಾನು ಹೀಗೆ ತಿರುಗಿಸಿ ಕೇಳುತ್ತೇನೆ: ಕದ್ದವನ ದಂಡ ಕಟ್ಟುವ ಸರಕಾರ ನಿಮ್ಮ ಅಡಕೆಯ ಬೆಲೆ ಯಾಕೆ ಕಟ್ಟುವುದಿಲ್ಲ? 2009ರ ಕೊನೆಯ ದಿನದಿಂದ ಆ ಹಳೆಯ ಕ್ರಿಮಿನಲ್ ಪ್ರೊಸೀಜರಿನಲ್ಲಿ 357ಎ ಎಂಬ ಕಲಂ ಬಂತು. ಅಪರಾಧಕ್ಕೆ ಗುರಿಯಾದವರಿಗೆ, ಆರೋಪಿ ಸಿಗದಿದ್ದರೂ, ರಾಜ್ಯ ಪರಿಹಾರ ಕೊಡಬೇಕು ಎಂದು. ನಿರ್ಭಯಾ ನಿಧಿ 2013ರಲ್ಲಿ 1,000 ಕೋಟಿಯಿಂದ ಶುರುವಾಯಿತು. ರಾಜ್ಯಗಳ ಪರಿಹಾರ ಯೋಜನೆಗಳಿಗೆ ಬೆಂಬಲವಾಗಿ 2015ರಲ್ಲಿ 200 ಕೋಟಿಯ ಕೇಂದ್ರ ನಿಧಿಯೂ ಆಯಿತು. ಆ ಯೋಜನೆಗಳ ಪಟ್ಟಿಯಲ್ಲಿ ಪ್ರಾಣ, ಅತ್ಯಾಚಾರ, ಆಸಿಡ್, ಅಂಗ ಊನ ಇವೆ. ಇರಬೇಕಾದ್ದೇ. ಅಂಗಳದಲ್ಲಿ ಒಣಗಲು ಹಾಕಿದ ಅಡಕೆ ಅದರಲ್ಲಿಲ್ಲ. ಗೌತಮನ ಕಾಲದ ಒಕ್ಕಲಿಗನಿಗೆ, ಪುಸ್ತಕದಲ್ಲಾದರೂ, ನಮ್ಮ ಹಿರಿಯರಿಗಿಂತ ಹೆಚ್ಚಿನ ಹಕ್ಕಿತ್ತು.

ಈ ಮಾತನ್ನು ನೆಲ್ಲಿಕಟ್ಟೆಯ ಕಡೆಯ ಒಬ್ಬ ಉಸ್ತಾದರ ಹತ್ತಿರ ಆಡಿದ್ದೆ. ಅವರ ಮೊಮ್ಮಗ ನನ್ನ ವಿದ್ಯಾರ್ಥಿ. ಅವರು ನಕ್ಕು, "ಇದು ನಿಮಗೆ ಹೊಸತೋ ಟೀಚರ್? ಬೈತುಲ್ ಮಾಲ್ ಇರುವುದೇ ಮತ್ತೆ ಯಾತಕ್ಕೆ?" ಎಂದರು. ಇಸ್ಲಾಮಿನ ನ್ಯಾಯಶಾಸ್ತ್ರದಲ್ಲಿ ಕೈತಪ್ಪಿ ಒಬ್ಬನ ಜೀವ ಹೋದರೆ ರಕ್ತದ ಬೆಲೆಯನ್ನು ಕೊಂದವನೊಬ್ಬನೇ ಕೊಡುವುದಲ್ಲ, ಅವನ ಕುಲದ ಗಂಡಸರೆಲ್ಲ ಹಂಚಿಕೊಂಡು ಕೊಡಬೇಕು. ಕುಲದವರು ಯಾರೂ ಇಲ್ಲದವನಿಗೆ ಸಾರ್ವಜನಿಕ ಖಜಾನೆ, ಅದೇ ಬೈತುಲ್ ಮಾಲ್. ಸತ್ತವನ ರಕ್ತ ವ್ಯರ್ಥವಾಗಬಾರದು ಎಂಬುದು ಮೂಲ. 2024ರ ಏಪ್ರಿಲ್‌ನಲ್ಲಿ ಕೋಯಿಕ್ಕೋಡಿನವನೊಬ್ಬನನ್ನು ಸೌದಿಯ ಮರಣದಂಡನೆಯಿಂದ ಬಿಡಿಸಲು ಮಲಯಾಳಿಗಳು 34 ಕೋಟಿ ರೂಪಾಯಿ ಕೂಡಿಸಿದರು. ನಮ್ಮ ಕಡೆಯಲ್ಲೂ ಅಂಗಡಿ ಅಂಗಡಿಯಲ್ಲಿ ಆ ಮಾತೇ. ಕೊಟ್ಟವರಲ್ಲಿ ಎಲ್ಲ ಜಾತಿ ಮತದವರಿದ್ದರು. ಅವನು ಮಾಡಿದ್ದಕ್ಕೆ ನಾನ್ಯಾಕೆ ಕೊಡಬೇಕು ಎಂದು ಆಗ ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಮನಸ್ಸಿನಿಂದ ಕೊಟ್ಟದ್ದಕ್ಕೂ ತೆರಿಗೆಯಿಂದ ಹೋದದ್ದಕ್ಕೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಒಬ್ಬನ ಕೃತ್ಯದ ಬೆಲೆಯನ್ನು ಹತ್ತು ಮಂದಿ ಹೊರುವುದು ಅಧರ್ಮ ಎಂದಾದರೆ ಅದು ಎರಡು ಕಡೆಯೂ ಅಧರ್ಮ ಆಗಬೇಕಷ್ಟೆ.

ಪಶ್ಚಿಮದಲ್ಲಿ ಈ ವಿಚಾರ ಎತ್ತಿದ್ದು ಮಾರ್ಜರಿ ಫ್ರೈ ಎಂಬ ಇಂಗ್ಲೆಂಡಿನ ಹೆಂಗಸು. ಕ್ವೇಕರ್ ಮನೆತನದಲ್ಲಿ ಹುಟ್ಟಿದವಳು. ಜೀವಮಾನವಿಡೀ ಕೈದಿಗಳ ಪರವಾಗಿ ದುಡಿದು 1950ರ ದಶಕದಲ್ಲಿ, ಮುಪ್ಪಿನಲ್ಲಿ, ಪೆಟ್ಟು ತಿಂದವರಿಗೂ ಸರಕಾರ ಹೊಣೆ ಎಂದು ವಾದಿಸಿದಳು. ಅವಳು ತೀರಿಹೋದ ಮೇಲೆ 1963ರಲ್ಲಿ ನ್ಯೂಜಿಲೆಂಡ್ ಮೊದಲ ಕಾನೂನು ಮಾಡಿತು. ಅಮೆರಿಕದವರು 1984ರಲ್ಲಿ ಇನ್ನೊಂದು ದಾರಿ ಹಿಡಿದರು: ತೆರಿಗೆಯನ್ನು ಮುಟ್ಟದೆ, ಕೇಂದ್ರದ ಕೋರ್ಟುಗಳಲ್ಲಿ ಅಪರಾಧಿಗಳು ಕಟ್ಟಿದ ದಂಡವನ್ನೇ ನಿಧಿ ಮಾಡಿ ನೊಂದವರಿಗಾಗಿ ರಾಜ್ಯಗಳಿಗೆ ಹಂಚುವುದು. ನಮ್ಮ ಹಿರಿಯರಿಗೆ ಇದು ಹಿಡಿಸೀತು. ನನಗೆ ಪೂರ್ತಿ ಹಿಡಿಸುವುದಿಲ್ಲ. ದೊಡ್ಡ ಕಂಪನಿಗಳು ಸಿಕ್ಕಿಬಿದ್ದ ವರ್ಷ ನಿಧಿ ತುಂಬುತ್ತದೆ, ಬೀಳದ ವರ್ಷ ಸೊರಗುತ್ತದೆ. ನೊಂದವರಿಗೆ ಅನ್ನ ಸಿಗಲು ಕಳ್ಳರು ದೊಡ್ಡವರಾಗಬೇಕೆಂದರೆ ಹೇಗೆ?

ಇಷ್ಟಕ್ಕೂ ಸರಕಾರ ಹೊಣೆ ಯಾಕೆ ಎಂದು ನನ್ನ ಅತ್ತೆ ಕೇಳುತ್ತಾರೆ. ಅವರದು ಹಳೆಯ ಕಾಲ. ಚಿನ್ನ ಹೋದರೆ ಅವರು ಪೊಲೀಸ್ ಸ್ಟೇಷನ್ನಿನ ಹೆಸರೆತ್ತುವುದಿಲ್ಲ, "ಕಾನತ್ತೂರಿಗೆ ಹೇಳಿ ಆಯಿತೋ?" ಎನ್ನುತ್ತಾರೆ. ಮುಳಿಯಾರು ಪಂಚಾಯತಿನ ಕಾನತ್ತೂರು ನಾಲ್ವರ್ ದೈವಸ್ಥಾನ ಗೊತ್ತಿಲ್ಲದವರು ಗಡಿಯ ಆಚೆ ಈಚೆ ಕಡಿಮೆ. ದೂರು ಕೊಟ್ಟರೆ ಎದುರು ಪಕ್ಷಕ್ಕೆ ಕಾಗದ ಹೋಗುತ್ತದೆ. ಹೇಳಿದ ದಿನ ಇಬ್ಬರೂ ಹೋಗಬೇಕು, ಹಿರಿಯರು ಇಬ್ಬರನ್ನೂ ಕೇಳುತ್ತಾರೆ. ಸುಳ್ಳು ಹೇಳಿ ಹೊರಗೆ ಬರಲು ಧೈರ್ಯ ಬೇಕು. ಪುತ್ತೂರು, ಸುಳ್ಯದ ಕಡೆಯಿಂದಲೂ ಜನ ಬರುತ್ತಾರೆ. ಕಾಗದ ಬಂತೆಂದು ಕೇಳಿದ್ದೇ, ಹೋದ ಬಳೆ ಬೆಳಿಗ್ಗೆ ಎದ್ದು ನೋಡುವಾಗ ಜಗಲಿಯಲ್ಲಿತ್ತು ಎಂಬ ಕಥೆ ಪ್ರತಿ ಮನೆಯಲ್ಲೂ ಒಂದುಂಟು. ಲಾಠಿ ಇಲ್ಲ, ಕಂಬಿ ಇಲ್ಲ, ಸರಕಾರದ ಅನುದಾನವಂತೂ ಇಲ್ಲವೇ ಇಲ್ಲ.

ಅತ್ತೆಯ ಭಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಭಯದ ನ್ಯಾಯ ಭಯ ಇದ್ದವರ ಮೇಲೆ ಮಾತ್ರ ನಡೆಯುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ತಾನು ಕದಿಯದಿದ್ದರೂ, ಕಾಗದ ಬಂತಲ್ಲ, ದೈವ ಏನು ಮಾಡೀತೋ ಎಂದು ಊಟ ಬಿಟ್ಟು ಒಣಗಿದ ಕೆಲಸದ ಹೆಂಗಸನ್ನೂ ಕಂಡಿದ್ದೇನೆ. ಇಂಥದ್ದಕ್ಕಾಗಿಯೇ ಸಂವಿಧಾನ ಬೇಕಾಯಿತು, ಸಾಕ್ಷ್ಯ ಬೇಕಾಯಿತು, ಮೇಲ್ಮನವಿ ಬೇಕಾಯಿತು. ಸರಕಾರ ನಮಗೆ ಹೇಳಿತು: ಕೈ ಎತ್ತಬೇಡಿ, ಸೇಡು ತೀರಿಸಬೇಡಿ, ಆಣೆ ಹಾಕಿ ಯಾರನ್ನೂ ಹೆದರಿಸಬೇಡಿ, ನ್ಯಾಯವನ್ನು ನಮಗೆ ಬಿಡಿ. ನಾವು ಬಿಟ್ಟೆವು. ಅಣ್ಣನನ್ನು ಕೊಂದವನು ಎದುರು ರಸ್ತೆಯಲ್ಲಿ ನಡೆದು ಹೋಗುವಾಗಲೂ ಕೈ ಕಟ್ಟಿ ನಿಂತವರಿದ್ದಾರೆ. ಅಷ್ಟು ದೊಡ್ಡದನ್ನು ಒಪ್ಪಿಸಿಕೊಂಡವರು ಅದರ ಖರ್ಚನ್ನೂ ಒಪ್ಪಿಸಿಕೊಳ್ಳಬೇಕಲ್ಲ. ಹಾಗಾಗಿ ಪರಿಹಾರವಾಗಲಿ, ಬಡ ಕೈದಿಯ ದಂಡವಾಗಲಿ, ನೊಂದ ಮಕ್ಕಳಿಗೆ ಕೌನ್ಸೆಲಿಂಗ್ ಆಗಲಿ ದಾನದ ಲೆಕ್ಕಕ್ಕೆ ಬರುವುದಿಲ್ಲ. ದೈವದ ಪೀಠದಲ್ಲಿ ಕುಳಿತವನಿಗೆ ದೈವದ ಹೊರೆಯೂ ಸೇರಿದ್ದು. ಮಂತ್ರಿಗಳು ಚೆಕ್ಕು ಹಿಡಿದು ಫೋಟೋಕ್ಕೆ ನಿಲ್ಲುವಾಗ ನನಗೆ ಕಿರಿಕಿರಿ ಆಗುವುದು ಇದಕ್ಕೇ.

ಬೊಕ್ಕಸ ಯಾರ ಕಡೆ ನಿಂತಿತು ಎಂಬುದನ್ನು ನಮ್ಮ ಜಿಲ್ಲೆ ಬೇರೆ ರೀತಿಯಲ್ಲೂ ಕಂಡಿದೆ. 2019ರ ಫೆಬ್ರವರಿಯಲ್ಲಿ ಪೆರಿಯದಲ್ಲಿ ಇಬ್ಬರು ಯುವಕರ ಕೊಲೆಯಾಯಿತು, ರಾಜಕೀಯ ಕೊಲೆ. ತನಿಖೆ ಸಿಬಿಐಗೆ ಹೋಗದಂತೆ ರಾಜ್ಯ ಸರಕಾರ ಸುಪ್ರೀಂ ಕೋರ್ಟಿನ ತನಕ ಹೋಯಿತು, ಹೊರಗಿನಿಂದ ದೊಡ್ಡ ದೊಡ್ಡ ವಕೀಲರನ್ನು ಕರೆಸಿತು. ಸೋತಿತು. 2024ರ ಡಿಸೆಂಬರಿನಲ್ಲಿ ಎರ್ನಾಕುಳಂನ ಸಿಬಿಐ ಕೋರ್ಟು 14 ಮಂದಿಯನ್ನು ತಪ್ಪಿತಸ್ಥರೆಂದಿತು. ಆ ವಕೀಲರ ಫೀಸು ಹೋದದ್ದು ಖಜಾನೆಯಿಂದ, ಸತ್ತ ಮಕ್ಕಳ ತಂದೆತಾಯಿ ಅಂಗಡಿಯಲ್ಲಿ ಸಕ್ಕರೆ ಕೊಂಡಾಗ ತೆತ್ತದ್ದೂ ಸೇರಿದ ಖಜಾನೆಯಿಂದ. ಅಡಕೆಯ ಹಿರಿಯರ ಪ್ರಶ್ನೆಗೆ ಪೂರ್ತಿ ತೂಕ ಬರುವುದು ಇಲ್ಲಿ. ಬಡ ಕಳ್ಳನ ಹತ್ತು ಸಾವಿರದಲ್ಲಿ ಅಲ್ಲ.

ಇನ್ನು ಅಪರಾಧ ಮಾಡಿದ್ದು ಸರಕಾರವೇ ಆದರೆ? ಇದನ್ನು ಬೇರೆ ಜಿಲ್ಲೆಯವರು ಊಹೆಯಾಗಿ ಕೇಳಬಹುದು, ನಾವು ಕೇಳಬೇಕಾಗಿಲ್ಲ. ಕೇರಳ ಸರಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗದ ಮನೆಗಳಲ್ಲಿ ಹುಟ್ಟಿದ ಮಕ್ಕಳನ್ನು ನಾನು ವಿವರಿಸಲಾರೆ. ಅವರಲ್ಲಿ ಕೆಲವರು ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರಾಗಿ ಇದ್ದರು, ಬೆಂಚಿನಲ್ಲಿ ಇರಲಿಲ್ಲ. ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ಕೂಗಿ ಕೂಗಿ ಹೇಳಿದ ಮೇಲೆ ಲೋಕಕ್ಕೆ ಕೇಳಿಸಿತು. 2010ರ ಡಿಸೆಂಬರಿನಲ್ಲಿ ಮಾನವ ಹಕ್ಕು ಆಯೋಗ ಪರಿಹಾರ ಕೊಡಿ ಎಂದಿತು. 2011ರಲ್ಲಿ ಸುಪ್ರೀಂ ಕೋರ್ಟು ವಿಷವನ್ನು ದೇಶದಲ್ಲೇ ನಿಲ್ಲಿಸಿತು. 2017ರ ಜನವರಿ 10ರಂದು ಅದೇ ಕೋರ್ಟು, ಒಬ್ಬೊಬ್ಬರಿಗೆ ಐದು ಲಕ್ಷ ರೂಪಾಯಿ, ಮೂರು ತಿಂಗಳೊಳಗೆ ಎಂದಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ಬಂದಾಗ, ಪಟ್ಟಿಯಲ್ಲಿದ್ದ 3,704 ಮಂದಿಯಲ್ಲಿ ಹಣ ಸೇರಿದ್ದು ಕೆಲವೇ ಕೆಲವರಿಗೆ ಎಂದು ಕೋರ್ಟೇ ಬೇಸರ ಪಟ್ಟಿತು.

ಯಾರೊಬ್ಬರೂ ಜೈಲಿಗೆ ಹೋಗಲಿಲ್ಲ. ದಂಡ ಕಟ್ಟಿದ್ದು ಸರಕಾರ, ಅಂದರೆ ನಾವು, ಅಂದರೆ ವಿಷ ಕುಡಿದವರೂ ಸೇರಿ. ಸಾಮಾನ್ಯನಿಗೆ ಒಂದು ಪಣ ದಂಡವಾಗುವಲ್ಲಿ ರಾಜನಿಗೆ ಸಾವಿರ ಪಣ ಎಂದು ಮನು ಹೇಳಿದ್ದಾನೆ, ಕೇಳಲು ಚಂದ. ಆದರೆ ರಾಜ ಆ ಸಾವಿರವನ್ನು ಎಲ್ಲಿಂದ ತರುತ್ತಾನೆ? ನನಗೆ ಸಿಕ್ಕಿಬಿದ್ದ ಗಂಟು ಇದು. ಇದನ್ನು ಬಿಡಿಸಲು ನನಗೆ ತೋಚುವುದು ಇಷ್ಟೇ. ಹೆಲಿಕಾಪ್ಟರ್ ಹಾರುವಾಗ ನಾವು ಮತ ಹಾಕಿದವರು ಆಳುತ್ತಿದ್ದರು, ಗೇರು ಬೀಜದ ಲಾಭ ನಮ್ಮದೇ ಖಜಾನೆಗೆ ಬಂತು, ಆ ಖಜಾನೆಯಿಂದಲೇ ನನಗೆ ಸಂಬಳ ಬಂತು. ಬೇಡನ ಮನೆಯವರ ಹಾಗೆ ನಾನು ತಿಂದಿದ್ದೇನೆ. ಆದುದರಿಂದ ಪಡ್ರೆಯ ಮನೆಗೆ ಹೋಗುವ ಐದು ಲಕ್ಷದಲ್ಲಿ ನನ್ನ ಪಾಲು ಹೋದರೆ ಅದು ಅನ್ಯಾಯವಲ್ಲ. ಅನ್ಯಾಯ ಇರುವುದು ನನ್ನ ಪಾಲಿನ ಹಿಂದೆ ಅಡಗಿ ಕುಳಿತವರಲ್ಲಿ. ಸಹಿ ಹಾಕಿದ ಅಧಿಕಾರಿಯ ಪಾಲು, ತಯಾರಿಸಿದ ಕಂಪನಿಯ ಪಾಲು ಎಲ್ಲಿ? ಬೇಕಾದರೆ ಕೇಂದ್ರದಿಂದ, ಕಂಪನಿಗಳಿಂದ ವಸೂಲು ಮಾಡಿಕೊಳ್ಳಿ ಎಂದು ಕೋರ್ಟು ಆಗಲೇ ದಾರಿ ಬಿಟ್ಟುಕೊಟ್ಟಿತ್ತು. ಯಾಜ್ಞವಲ್ಕ್ಯ ರಾಜನಿಗೆ ಅರ್ಧ ಎಂದದ್ದು. ಉಳಿದ ಅರ್ಧ ಮಾಡಿದವನದ್ದೇ.

ಆ ವಿಷ ಬಿದ್ದ ತೋಟಗಳಲ್ಲಿ ಚೀಮೇನಿಯದೂ ಒಂದು. ಈಗ ಚೀಮೇನಿಯ ಕೆಂಪುಕಲ್ಲಿನ ಬಯಲಲ್ಲಿ ತೆರೆದ ಜೈಲು ಇದೆ. ಮುನ್ನೂರು ಎಕರೆಯಷ್ಟು ಜಾಗ, ಎತ್ತರದ ಗೋಡೆಯಿಲ್ಲ, ಒಳ್ಳೆಯ ನಡತೆಯ ಜೀವಾವಧಿ ಕೈದಿಗಳು ಗೆಯ್ಮೆ ಮಾಡುತ್ತಾರೆ, ದನ ಸಾಕುತ್ತಾರೆ, ಪೆಟ್ರೋಲ್ ಪಂಪು ನಡೆಸುತ್ತಾರೆ. 2017ರಲ್ಲಿ ಕಾಸರಗೋಡು ತಳಿಯ ಗಿಡ್ಡ ದನಗಳನ್ನು ಕರ್ನಾಟಕದ ಒಂದು ಮಠದವರು ಈ ಜೈಲಿಗೆ ಕೊಟ್ಟಾಗ ಅಲ್ಲೇ ಗೋಪೂಜೆ ನಡೆಯಿತೆಂದು ಗದ್ದಲವಾಗಿ ಸೂಪರಿಂಟೆಂಡೆಂಟರ ಅಮಾನತು ಆಯಿತು. ಸರಕಾರಿ ಜೈಲಿನಲ್ಲಿ ಒಂದು ಮತದ ಪೂಜೆ ಆಗಬಾರದು, ಸರಿಯೇ. ಆದರೆ ಕೈದಿಯ ಮನಸ್ಸು ತಿರುಗಬೇಕು ಎಂದು ಎಲ್ಲ ಕಡತಗಳಲ್ಲೂ ಬರೆದಿರುತ್ತದಲ್ಲ, ಆ ತಿರುಗುವಿಕೆ ಯಾವ ಇಲಾಖೆಗೆ ಸೇರಿದ್ದು? ದಂಡವನ್ನು ಸರಕಾರ ಕಟ್ಟಬಹುದು, ಪಶ್ಚಾತ್ತಾಪಕ್ಕೆ ಅನುದಾನವಿಲ್ಲ. ಹಿರಿಯರ ಅಳುಕಿನಲ್ಲಿ ಇದರ ನೆರಳಿದೆ. ಹಣ ಸಂದಾಯವಾದರೆ ಪಾಪವೂ ಸಂದಾಯವಾಯಿತೆಂದು ಕದ್ದವನು ತಿಳಿದಾನು ಎಂದು. ತಿಳಿಯಲಿಕ್ಕಿಲ್ಲ ಎಂದು ನಾನು ಹೇಳಲಾರೆ. ಆದರೆ ಇನ್ನೂ ಮೂರು ತಿಂಗಳು ಕೂಡಿಹಾಕಿದರೆ ಪಶ್ಚಾತ್ತಾಪ ಬರುತ್ತದೆ ಎಂಬುದಕ್ಕೆ ಯಾವ ಆಧಾರ? ಹಣ ಇದ್ದ ಕಳ್ಳ ಅದೇ ದಿನ ಕಟ್ಟಿ ಮನೆಗೆ ಹೋಗುತ್ತಾನೆ. ಮೂರು ತಿಂಗಳು ಕೊಟ್ಟದ್ದು ಕಳವಿಗೆ ಅಲ್ಲ, ಬಡತನಕ್ಕೆ.

ಅಪರಾಧ ಆಗುವ ಮೊದಲೇ ತಡೆಯಲು ಕೊಡುವ ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ 2010ರಲ್ಲಿ ಕೇರಳದಲ್ಲಿ ಹುಟ್ಟಿ, 2018ರಲ್ಲಿ ಕೇಂದ್ರದ ಅನುದಾನದೊಂದಿಗೆ ದೇಶಕ್ಕೆಲ್ಲ ಹೋಯಿತು. ನಮ್ಮ ಮಕ್ಕಳು ಖಾಕಿ ತೊಟ್ಟು ಪರೇಡು ಮಾಡುವುದು ನೋಡಲು ಸಂತೋಷ. ವರ್ಷದ ಕೊನೆಗೆ ವರದಿ ಕೇಳುತ್ತಾರೆ: ಫಲ ಏನು? ನಡೆಯದ ಕಳವನ್ನು ಹೇಗೆ ಎಣಿಸುವುದು? ತರ್ಕಶಾಸ್ತ್ರದಲ್ಲಿ ಹುಟ್ಟದೇ ಇರುವುದಕ್ಕೆ ಪ್ರಾಗಭಾವ ಎಂದು ಹೆಸರಿಟ್ಟರು, ಇಲ್ಲದಿರುವುದನ್ನು ತಿಳಿಯಲು ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವೇ ಬೇಕು ಎಂದು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ವಾದಿಸಿದರು. ನಮ್ಮ ಲೆಕ್ಕ ತಪಾಸಣೆಯವರು ಆ ಪ್ರಮಾಣವನ್ನು ಒಪ್ಪಿದವರಲ್ಲ. ಹಾಗಾಗಿ ಶಾಲೆಯವರು ಪರೇಡಿನ ಫೋಟೋ ಅಂಟಿಸಿ ಕಳಿಸುತ್ತಾರೆ.

ಬಡ ಕೈದಿಗಳ ಯೋಜನೆಗೆ ಹಿಂತಿರುಗಿದರೆ, ಅದರ ಹಣ ಬಹಳ ಮಟ್ಟಿಗೆ ಖರ್ಚೇ ಆಗಲಿಲ್ಲ. ಅರ್ಹರನ್ನು ಹುಡುಕಿ ಎಂದು ಸಚಿವಾಲಯವೇ ರಾಜ್ಯಗಳಿಗೆ ಮತ್ತೆ ಮತ್ತೆ ಬರೆಯಬೇಕಾಯಿತು. ಅದಕ್ಕಿಂತ ನನ್ನನ್ನು ಕಾಡುವುದು ಯಾರಿಗೆ ಇಲ್ಲ ಎಂಬ ಪಟ್ಟಿ. ಭ್ರಷ್ಟಾಚಾರ, ಹಣ ಅಕ್ರಮ ವರ್ಗಾವಣೆ, ಯುಎಪಿಎ, ಮಾದಕ ವಸ್ತು. ಮೊದಲ ಎರಡರ ಆರೋಪಿಗಳಿಗೆ ಈ ನೆರವು ಬೇಕಾಗುವುದು ಅಪರೂಪ. ನಾಲ್ಕನೆಯದು ನಮ್ಮ ಜಿಲ್ಲೆಯ ಇಪ್ಪತ್ತರ ಹುಡುಗರದ್ದು. ಎಂಡಿಎಂಎ ಕೇಸಿನಲ್ಲಿ ಸಿಕ್ಕಿದ ಮಂಜೇಶ್ವರ ಕಡೆಯ ಒಬ್ಬನ ತಾಯಿ ನನ್ನ ಹತ್ತಿರ ಬಂದರು. ಕೋರ್ಟು ಜಾಮೀನು ಕೊಟ್ಟು ತಿಂಗಳು ಮೀರಿದೆ, ಇಬ್ಬರು ಜಾಮೀನುದಾರರು ಬೇಕು, ಸಿಕ್ಕಿಲ್ಲ. "ಜಡ್ಜಿಯವರು ಬಿಡಿ ಅಂದ ಮೇಲೆ ಇನ್ನು ಯಾರು ಬಿಡಬೇಕು ಟೀಚರ್?" ಎಂದರು. ನ್ಯಾಯಾಧೀಶರು ತೂಗಿ ನೋಡಿ ಬಿಡಬಹುದೆಂದವನನ್ನು ಖಜಾನೆ ಮತ್ತೊಮ್ಮೆ ತೂಗಿ ಬೇಡವೆನ್ನುತ್ತದೆ. ಕೈಯಲ್ಲಿ ಹಣವಿದ್ದ ಅದೇ ಕೇಸಿನ ಎರಡನೆಯ ಆರೋಪಿ ಹೊರಗಿದ್ದಾನೆ.

ಸುಪ್ರೀಂ ಕೋರ್ಟಿನ ಜಡ್ಜಿಯಾಗಿದ್ದ ವಿ.ಆರ್. ಕೃಷ್ಣ ಅಯ್ಯರ್ ಇದಕ್ಕೆ ಉತ್ತರ ಬರೆದದ್ದು 1978ರಲ್ಲಿ. ತಲಶ್ಶೇರಿಯಲ್ಲಿ ವಕೀಲರಾಗಿದ್ದವರು, 1948ರಲ್ಲಿ ತಾವೇ ಒಂದು ತಿಂಗಳು ಜೈಲಿನಲ್ಲಿದ್ದವರು, 1957ರ ಇಎಂಎಸ್ ಸರಕಾರದಲ್ಲಿ ಜೈಲು ಖಾತೆಯ ಮಂತ್ರಿ. ಅವರ ಹುಟ್ಟಿದ ದಿನ ನವೆಂಬರ್ 15ನ್ನು ಕೇರಳ ಪ್ರೊಬೇಷನ್ ದಿನವಾಗಿ ಆಚರಿಸುತ್ತದೆ. ಮೋತಿರಾಮ್ ಎಂಬ ಮಧ್ಯಪ್ರದೇಶದ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟು ಬಿಡುಗಡೆ ಹೇಳಿತ್ತು. ಕೆಳಗಿನವರು ಹತ್ತು ಸಾವಿರದ ಜಾಮೀನು ಕೇಳಿದರು, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿದರು. ಕೃಷ್ಣ ಅಯ್ಯರ್ ಬಡವನನ್ನು ಅವನ ಸ್ವಂತ ಮುಚ್ಚಳಿಕೆಯ ಮೇಲೆ, ಒಂದು ಸಾವಿರಕ್ಕೆ ಬಿಡಿಸಿದರು. ಬೇರೆ ಜಿಲ್ಲೆಯ ಜಾಮೀನುದಾರ ಬೇಡವೆನ್ನುವುದು ಸಲ್ಲದು ಎಂದರು. ಮಂಜೇಶ್ವರದ ನಮ್ಮವರಿಗೆ ಇದು ಮನೆ ಮಾತು ಆಗಬೇಕಿತ್ತು. ನಮ್ಮ ಸಂಬಂಧಗಳೆಲ್ಲ ವಿಟ್ಲ, ಬಂಟ್ವಾಳ, ಪುತ್ತೂರಿನಲ್ಲಿ. ಮಾವ ಪಹಣಿ ಹಿಡಿದು ಬರುತ್ತಾನೆ, ಇಲ್ಲಿ ತೀರ್ವೆ ರಶೀದಿ ಎಲ್ಲಿ ಎಂದು ಕೇಳುವವರು ಇರುತ್ತಾರೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಿಂಗಳೊಳಗೆ ಜಾಮೀನು ಹೊಂದಿಸಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟುಗಳು ತಾವಾಗಿಯೇ ಪರಿಶೀಲಿಸಬಹುದು ಎಂದಿದೆ. ಇದಕ್ಕೆ 20 ಕೋಟಿ ಬೇಡ, ಸಮಿತಿ ಬೇಡ.

ಆ ತಾಯಿಯ ಪರವಾಗಿ ಪ್ರಾಧಿಕಾರದ ವಕೀಲರು ಹಾಕಿದ ಅರ್ಜಿಯನ್ನು ನಾನು ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅದರಲ್ಲಿ ಸರಕಾರದಿಂದ ಒಂದು ಕಾಸೂ ಕೇಳಿರಲಿಲ್ಲ. ಜಾಮೀನಿನ ಮೊತ್ತ ಇಳಿಸಬೇಕು, ಇಬ್ಬರ ಬದಲು ಒಬ್ಬನಾದರೂ ಸಾಕೆನ್ನಬೇಕು, ವಿಟ್ಲದಲ್ಲಿರುವ ಸೋದರಮಾವನ ಪಹಣಿಯನ್ನು ಒಪ್ಪಿಕೊಳ್ಳಬೇಕು ಎಂದಿತ್ತು. ಕೆಳಗೆ ಮೋತಿರಾಮ್ ತೀರ್ಪಿನ ಉಲ್ಲೇಖವಿತ್ತು. ಮೋತಿರಾಮ್ ಎಂದರೆ ಯಾರು, ಆ ವಕೀಲರ ಹೆಸರೋ ಎಂದು ತಾಯಿ ಕೇಳಿದರು. ಅಲ್ಲ, ಗಾರೆ ಕೆಲಸದವ ಎಂದೆ.